ನಾಲ್ಕು ಕೆ.ಜಿ. ನಾಯಿಯ ಲೆಕ್ಕ

"ಮನೆ ಚಿಕ್ಕದು, ಅದಕ್ಕೇ ಚಿಕ್ಕ ನಾಯಿ ತರೋಣ ಅಂತಿದ್ದೀವಿ." ಪಶುವೈದ್ಯರ ಹತ್ತಿರ ಬಂದು ಹೀಗೆ ಹೇಳುವವರು ಬಹಳ. ಈ ಮಾತಿನ ಹಿಂದೆ ಒಂದು ನಂಬಿಕೆ ಇದೆ. ನಾಯಿ ಚಿಕ್ಕದಾದರೆ ಕೆಲಸ ಕಡಿಮೆ, ಖರ್ಚು ಕಡಿಮೆ, ಅಕ್ಕಪಕ್ಕದವರ ತಕರಾರೂ ಕಡಿಮೆ ಅಂತ. ಊಟದ ವಿಷಯವೊಂದನ್ನು ಬಿಟ್ಟರೆ ಇದರಲ್ಲಿ ನಿಜ ಸ್ವಲ್ಪವೇ. ನಾಯಿ ಚಿಕ್ಕದಾದಷ್ಟೂ ನಮ್ಮ ತಪ್ಪನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಕಡಿಮೆ. ಇಪ್ಪತ್ತೈದು ಕೆ.ಜಿ.ಯ ನಾಯಿ ಏನೋ ತಿಂದು ಒಂದು ದಿನ ಭೇದಿ ಮಾಡಿಕೊಂಡು ಸುಧಾರಿಸಿಕೊಂಡರೆ, ಅದನ್ನೇ ತಿಂದ ನಾಲ್ಕು ಕೆ.ಜಿ.ಯ ನಾಯಿಗೆ ಡ್ರಿಪ್ ಹಾಕಬೇಕಾಗುತ್ತದೆ. ಹಾಗಾಗಿ ಇಲ್ಲಿ ಸೇರಿರುವ ನಿಮಗೆ ಇವತ್ತಿನ ಮಾತನ್ನೆಲ್ಲ ನಾಲ್ಕು ಕೆ.ಜಿ.ಯ ಒಂದು ನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೇಳುತ್ತೇನೆ.

ಯಾವ ನಾಯಿಗಳ ಮಾತು ಅಂದರೆ ಶಿಟ್ಜು, ಪಗ್, ಲಾಸಾ ಆಪ್ಸೊ, ಮಾಲ್ಟೀಸ್, ಚಿಹುವಾವಾ, ಟಾಯ್ ಪೂಡಲ್, ಪೊಮೇರಿಯನ್. ಪೊಮೇರಿಯನ್ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನಕ್ಕೆ ಚಿಕ್ಕಂದಿನ ಮನೆ ನೆನಪಾಗಿರುತ್ತದೆ. "ನಮ್ಮನೇಲೂ ಬಿಳೀ ಪೊಮೇರಿಯನ್ ಇತ್ತು, ಮೊಸರನ್ನ ತಿಂದುಕೊಂಡು ಹದಿನಾಲ್ಕು ವರ್ಷ ಬದುಕಿತ್ತು, ಡಾಕ್ಟರ ಮುಖ ನೋಡಿದ್ದು ಎರಡೇ ಸಲ" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಆ ನಾಯಿಗಳಲ್ಲಿ ಬಹುಪಾಲು ನಿಜವಾದ ಪೊಮೇರಿಯನ್ ಆಗಿರಲಿಲ್ಲ, ಇಂಡಿಯನ್ ಸ್ಪಿಟ್ಜ್ ಆಗಿದ್ದವು. ವಿದೇಶಿ ತಳಿಗಳು ಸುಲಭವಾಗಿ ಸಿಗದಿದ್ದ ಕಾಲದಲ್ಲಿ ನಮ್ಮ ಸೆಕೆಯಲ್ಲೇ ತಲೆಮಾರುಗಳ ಕಾಲ ಬೆಳೆದ ತಳಿ ಅದು. ಮೂತಿ ಉದ್ದ, ಮೂಳೆ ಗಟ್ಟಿ, ಅದರ ಚಿಕ್ಕ ಬಗೆಯೇ ಐದು ಕೆ.ಜಿ.ಗಿಂತ ಹೆಚ್ಚು. ಈಗ ಪೊಮೇರಿಯನ್ ಎಂದು ಮಾರುವ ದುಂಡು ಮುಖದ ಮರಿ ದೊಡ್ಡದಾದ ಮೇಲೂ ಮೂರು, ಮೂರೂವರೆ ಕೆ.ಜಿ. ದಾಟುವುದು ಕಷ್ಟ. ಅಜ್ಜಿ ಮನೆಯ ಸ್ಪಿಟ್ಜ್‌ನ ಅನುಭವ ಇಟ್ಟುಕೊಂಡು ಇದನ್ನು ಸಾಕಲು ಹೊರಟರೆ ಲೆಕ್ಕ ತಪ್ಪುತ್ತದೆ.

ಮೊದಲು ಅಡುಗೆಮನೆಗೆ ಬರೋಣ. ಈರುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಒಂದು ಕೆ.ಜಿ. ತೂಕಕ್ಕೆ ಸುಮಾರು 15ರಿಂದ 30 ಗ್ರಾಂ ಈರುಳ್ಳಿ ಹೊಟ್ಟೆ ಸೇರಿದರೆ ರಕ್ತದಲ್ಲಿ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ. ನಮ್ಮ ನಾಲ್ಕು ಕೆ.ಜಿ. ನಾಯಿಗೆ ಅದು 60 ಗ್ರಾಂ, ಅಂದರೆ ಒಂದು ಸಣ್ಣ ಈರುಳ್ಳಿ. ಬೇಯಿಸಿದರೂ ಹುರಿದರೂ ಪುಡಿ ಮಾಡಿದರೂ ವಿಷ ಹೋಗುವುದಿಲ್ಲ. ಮೋಸ ಎಲ್ಲಿ ಅಂದರೆ, ತಿಂದ ದಿನ ನಾಯಿ ಚೆನ್ನಾಗಿಯೇ ಇರುತ್ತದೆ. ಮೂರು ನಾಲ್ಕು ದಿನ ಕಳೆದ ಮೇಲೆ ಒಸಡು ಬಿಳಿಚಿಕೊಂಡು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅಷ್ಟು ಹೊತ್ತಿಗೆ ಭಾನುವಾರದ ಪಲಾವ್ ಯಾರಿಗೂ ನೆನಪಿರುವುದಿಲ್ಲ. ಡಾರ್ಕ್ ಚಾಕೊಲೇಟ್ ಆದರೆ ಇಷ್ಟು ತೂಕದ ನಾಯಿಗೆ ಹದಿನೈದು ಇಪ್ಪತ್ತು ಗ್ರಾಂ ಸಾಕು, ವಾಂತಿಯೂ ಎದೆಬಡಿತವೂ ಶುರುವಾಗುತ್ತವೆ. ದ್ರಾಕ್ಷಿ, ಒಣದ್ರಾಕ್ಷಿಗೆ ಸುರಕ್ಷಿತವಾದ ಪ್ರಮಾಣ ಅಂತಲೇ ಇಲ್ಲ. ಕಿಡ್ನಿ ಕೈಕೊಡುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣ ಎಂಬ ಅನುಮಾನ ಕಳೆದ ಕೆಲವು ವರ್ಷಗಳಲ್ಲಿ ಬಲವಾಗಿದೆ, ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಹೇರಳವಾಗಿದೆ. ಅನ್ನಕ್ಕೆ ಒಂದು ಸೌಟು ಹುಳಿ ಕಲೆಸಿ ಹಾಕುವ ರೂಢಿ ನಮ್ಮ ಮನೆಗಳಲ್ಲಿ ಸಾಮಾನ್ಯ. ಆ ಹುಳಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಹುಣಸೆ ಮೂರೂ ಇರುತ್ತವೆ. ನಾಯಿಗೆ ಕೊಡಬೇಡಿ. ಪಾಯಸದಿಂದ, ಕೇಸರಿಬಾತಿನಿಂದ ನೆಲಕ್ಕೆ ಉದುರಿದ ದ್ರಾಕ್ಷಿಯನ್ನು ನಾಯಿ ಹೆಕ್ಕುವ ಮೊದಲೇ ನೀವು ಹೆಕ್ಕಿ. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್, ನೋವಿಗೆ ನುಂಗುವ ಐಬುಪ್ರೊಫೆನ್ ಇವನ್ನು "ಕಾಲು ಮಾತ್ರೆ ತಾನೇ" ಅಂತ ಕೊಡುವವರಿದ್ದಾರೆ. ಕಾಲು ಮಾತ್ರೆ ನಿಮ್ಮ ಲೆಕ್ಕ. ಇಷ್ಟು ಚಿಕ್ಕ ಹೊಟ್ಟೆಯಲ್ಲಿ ಐಬುಪ್ರೊಫೆನ್ ಹುಣ್ಣು ಮಾಡಲು ಅಷ್ಟೇ ಸಾಕು.

ವಿಷ ಬಿಡಿ, ಒಳ್ಳೆಯ ತಿಂಡಿಯ ಲೆಕ್ಕ ನೋಡಿ. ಮನೆಯೊಳಗೇ ಇರುವ ನಾಲ್ಕು ಕೆ.ಜಿ. ನಾಯಿಗೆ ದಿನಕ್ಕೆ ಬೇಕಾದದ್ದು ಸುಮಾರು 250ರಿಂದ 300 ಕಿಲೋಕ್ಯಾಲರಿ. ಒಂದು ಗ್ಲೂಕೋಸ್ ಬಿಸ್ಕತ್ತಿನಲ್ಲಿ 20ರಿಂದ 25 ಇರುತ್ತದೆ. ಬೆಳಗಿನ ಕಾಫಿಯ ಹೊತ್ತಿಗೆ ಅಜ್ಜ ಎರಡು, ಸಂಜೆ ಮಕ್ಕಳು ಎರಡು, ಕೆಲಸದವರು ಹೋಗುವಾಗ ಒಂದು. ದಿನದ ಊಟದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬಿಸ್ಕತ್ತಿನಲ್ಲೇ ಮುಗಿಯಿತು. ಮೂರು ಹೊತ್ತು ಊಟ ಮಾಡಿದ ಮೇಲೆ ದಿನಾ ಎರಡು ಮಸಾಲೆ ದೋಸೆ ಹೆಚ್ಚಿಗೆ ತಿಂದರೆ ನಮಗೆ ಏನಾಗುತ್ತದೋ ಅದೇ ಅದಕ್ಕೂ ಆಗುತ್ತದೆ. ಒಂದು ಕೆ.ಜಿ. ಹೆಚ್ಚಾದರೆ ಈ ನಾಯಿಗೆ ಅದು ಕಾಲು ಭಾಗದಷ್ಟು ಹೆಚ್ಚುವರಿ ತೂಕ, ಮತ್ತು ಮುಂದೆ ಹೇಳುವ ಮಂಡಿ, ಶ್ವಾಸನಾಳ, ಹೃದಯದ ತೊಂದರೆಗಳನ್ನೆಲ್ಲ ಅದು ಬೇಗ ಕರೆತರುತ್ತದೆ. ಮನೆಯಲ್ಲಿ ನಾಲ್ಕು ಜನ ಇದ್ದರೆ ಬಿಸ್ಕತ್ತು ಕೊಡುವ ಹಕ್ಕು ಒಬ್ಬರಿಗೇ ಇರಲಿ. ಈ ಒಂದು ನಿಯಮವನ್ನು ಮನೆಯವರೆಲ್ಲ ಒಪ್ಪುವುದಿಲ್ಲ ಅಂತ ಈಗಲೇ ಅನ್ನಿಸಿದರೆ ನಾಯಿ ತರುವ ವಿಚಾರವನ್ನು ಸ್ವಲ್ಪ ಮುಂದಕ್ಕೆ ಹಾಕಿ.

ಮರಿಯಲ್ಲಿ ಸಮಸ್ಯೆ ಇದಕ್ಕೆ ತಿರುಗುಮುರುಗು. ಮೂರು ತಿಂಗಳೊಳಗಿನ ಟಾಯ್ ತಳಿಯ, ಅಂದರೆ ಅತಿ ಚಿಕ್ಕ ತಳಿಯ ಮರಿಯ ಲಿವರಿನಲ್ಲಿ ಸಕ್ಕರೆಯ ದಾಸ್ತಾನು ಬಹಳ ಕಡಿಮೆ. ರಾತ್ರಿ ಊಟ ಬಿಟ್ಟರೆ, ಭೇದಿಯಾದರೆ, ಚಳಿ ಹೊಡೆದರೆ, ಕೊನೆಗೆ ಮಕ್ಕಳು ಎರಡು ಗಂಟೆ ಬಿಡದೆ ಆಡಿಸಿದರೂ ರಕ್ತದ ಸಕ್ಕರೆ ಇಳಿದುಬಿಡುತ್ತದೆ. ಮರಿ ತೂರಾಡುತ್ತದೆ, ಮಂಕಾಗುತ್ತದೆ, ಆಮೇಲೆ ಸೆಟೆದುಕೊಂಡು ಅದುರುತ್ತದೆ. "ನಿದ್ದೆ ಮಾಡ್ತಿದೆ" ಅಂತ ಬಿಟ್ಟವರು ಮರಿ ಕಳೆದುಕೊಂಡಿದ್ದಾರೆ. ಆ ವಯಸ್ಸಿನಲ್ಲಿ ಹಗಲು ಮೂರು ನಾಲ್ಕು ಗಂಟೆಗೊಮ್ಮೆ ಊಟ, ಮಲಗುವ ಮುನ್ನ ಒಂದು ಊಟ ಆಗಲೇಬೇಕು. ಲಕ್ಷಣ ಕಂಡರೆ ಜೇನುತುಪ್ಪವನ್ನೋ ಗ್ಲೂಕೋಸ್ ಪುಡಿಯ ಗಟ್ಟಿ ದ್ರಾವಣವನ್ನೋ ಬೆರಳಿನಿಂದ ಒಸಡಿಗೆ ಸವರಿ, ಬೆಚ್ಚಗೆ ಸುತ್ತಿಕೊಂಡು ಡಾಕ್ಟರ ಹತ್ತಿರ ಓಡಿ. ಎಚ್ಚರವಿಲ್ಲದ ಮರಿಯ ಬಾಯಿಗೆ ನೀರು, ಹಾಲು ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಈಗ ಯೋಚಿಸಿ: ಗಂಡ ಹೆಂಡತಿ ಇಬ್ಬರೂ ಒಂಬತ್ತಕ್ಕೆ ಆಫೀಸಿಗೆ ಹೊರಟರೆ ಮಧ್ಯಾಹ್ನದ ಎರಡು ಊಟ ಹಾಕುವವರು ಯಾರು?

ಮೂಳೆಯ ವಿಷಯ. ಸೋಫಾದ ಎತ್ತರ ಒಂದೂವರೆ ಅಡಿ. ಚಿಹುವಾವಾ, ಪೊಮೇರಿಯನ್‌ಗಳ ಮುಂಗಾಲಿನ ಮೂಳೆ ಪೆನ್ಸಿಲ್‌ಗಿಂತ ತೆಳು. ಮಣಿಕಟ್ಟಿನ ಹತ್ತಿರ ಅದಕ್ಕೆ ರಕ್ತ ಪೂರೈಕೆಯೂ ಕಡಿಮೆ. ಸೋಫಾದಿಂದ ಹಾರಿದಾಗಲೋ, ಮಗುವಿನ ತೋಳಿನಿಂದ ಜಾರಿದಾಗಲೋ ಮುರಿಯುವುದು ಅಲ್ಲೇ. ಬರಿಯ ಪಟ್ಟಿ ಕಟ್ಟಿದರೆ ಈ ಜಾಗ ಸರಿಯಾಗಿ ಕೂಡುವುದಿಲ್ಲ, ಸಾಮಾನ್ಯವಾಗಿ ಪ್ಲೇಟ್ ಹಾಕಬೇಕಾಗುತ್ತದೆ. ಅಷ್ಟು ಚಿಕ್ಕ ಪ್ಲೇಟು, ಸ್ಕ್ರೂ ಇಟ್ಟುಕೊಂಡು ಆಪರೇಷನ್ ಮಾಡುವವರು ಬೆಂಗಳೂರಿನಂಥ ಊರಿನಲ್ಲಿ ಸಿಗುತ್ತಾರೆ, ತಾಲ್ಲೂಕು ಕೇಂದ್ರದಲ್ಲಿ ಸಿಗುವುದು ಕಷ್ಟ. ಐದಾರು ವರ್ಷದ ಒಳಗಿನ ಮಕ್ಕಳಿರುವ ಮನೆಗೆ ಇಂಥ ನಾಯಿ ಬೇಡ ಎನ್ನುವುದು ಇದಕ್ಕೇ. ಮಗುವಿಗೆ ನಾಯಿ ಕಚ್ಚೀತು ಎಂಬ ಭಯ ಎಲ್ಲರಿಗೂ ಇರುತ್ತದೆ, ಮಗು ನಾಯಿಯನ್ನು ಬೀಳಿಸೀತು ಎಂಬುದು ಹೊಳೆಯುವುದಿಲ್ಲ. ವಯಸ್ಸಾದವರಿರುವ ಮನೆಯಲ್ಲಿ ಇನ್ನೊಂದು ಅಪಾಯ. ಕಾಲಿಗೆ ತೊಡರುವ ನಾಯಿಯನ್ನು ತಪ್ಪಿಸಲು ಹೋಗಿ ಅವರೇ ಬೀಳುತ್ತಾರೆ.

ಹಿಂಗಾಲಿನ ಮಂಡಿಚಿಪ್ಪು ಜಾರುವುದು ಚಿಕ್ಕ ತಳಿಗಳಲ್ಲಿ ಹುಟ್ಟಿನಿಂದಲೇ ಬರುವ ದೋಷ. ನಾಯಿ ಓಡುತ್ತಾ ಓಡುತ್ತಾ ಒಂದು ಹಿಂಗಾಲು ಎತ್ತಿಕೊಂಡು ಮೂರು ಕಾಲಲ್ಲಿ ಕುಂಟಿ, ನಾಲ್ಕು ಹೆಜ್ಜೆ ಆದ ಮೇಲೆ ಏನೂ ಆಗದ ಹಾಗೆ ಮತ್ತೆ ಓಡುತ್ತದೆ. ಮನೆಯವರು ಇದನ್ನು ಆಟ ಅಂದುಕೊಂಡು ವಿಡಿಯೋ ಮಾಡಿರುತ್ತಾರೆ. ನಾಲ್ಕು ದರ್ಜೆಗಳಿವೆ. ಮೊದಲ ದರ್ಜೆಗೆ ತೂಕ ಹಿಡಿತದಲ್ಲಿದ್ದರೆ ಸಾಕು, ಮೂರು ನಾಲ್ಕನೆಯದಕ್ಕೆ ಆಪರೇಷನ್. ನಮ್ಮ ಫ್ಲ್ಯಾಟುಗಳ ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್ ನೆಲ ಇಂಥ ಕಾಲಿಗೆ ಶತ್ರು. ಪಾದದ ಗಾದಿಗಳ ನಡುವೆ ಬೆಳೆಯುವ ಕೂದಲನ್ನು ತಿಂಗಳಿಗೊಮ್ಮೆ ಕತ್ತರಿಸಿ, ಓಡಾಡುವ ಜಾಗಕ್ಕೆ ಜಾರದ ರಬ್ಬರ್ ಮ್ಯಾಟ್ ಹಾಸಿ. ಕುತ್ತಿಗೆಯ ಬೆಲ್ಟಿಗೆ ಚೈನ್ ಹಾಕಿ ಎಳೆಯುವುದನ್ನೂ ಬಿಡಬೇಕು. ಪೊಮೇರಿಯನ್, ಯಾರ್ಕಿ (ಯಾರ್ಕ್‌ಷೈರ್ ಟೆರಿಯರ್) ನಾಯಿಗಳಲ್ಲಿ ಶ್ವಾಸನಾಳದ ಮೆಲ್ಲೆಲುಬಿನ ಉಂಗುರಗಳು ಸಡಿಲವಾಗಿ, ಎಳೆದಾಗ ಕೊಳವೆ ಚಪ್ಪಟೆಯಾಗುತ್ತದೆ. ಬಾತುಕೋಳಿ ಕೂಗಿದ ಹಾಗೆ ಒಣಕೆಮ್ಮು ಬರುತ್ತದೆ. ಎದೆಗೆ ಹಾಕುವ ಹಾರ್ನೆಸ್ ಮೊದಲ ದಿನದಿಂದಲೇ ಇರಲಿ.

ಈಗ ಹಲ್ಲಿಗೆ ಬರುತ್ತೇನೆ. ಇದಕ್ಕೆ ಸ್ವಲ್ಪ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ, ಏಕೆಂದರೆ ಚಿಕ್ಕ ನಾಯಿಯ ಮಾಲೀಕರು ಅತಿ ಹೆಚ್ಚು ಕಡೆಗಣಿಸುವುದೂ ಅತಿ ಹೆಚ್ಚು ಖರ್ಚು ಮಾಡುವುದೂ ಇದರ ಮೇಲೇ. ಗ್ರೇಟ್ ಡೇನ್ ಬಾಯಲ್ಲಿ 42 ಹಲ್ಲು. ಚಿಹುವಾವಾ ಬಾಯಲ್ಲೂ 42. ಮೂತಿ ಚಿಕ್ಕದಾಯಿತು ಅಂತ ಹಲ್ಲಿನ ಸಂಖ್ಯೆ ಕಡಿಮೆಯಾಗಲಿಲ್ಲ. ಹಲ್ಲುಗಳು ಒತ್ತೊತ್ತಾಗಿ, ಸೊಟ್ಟಗೆ ಕೂತು, ಸಂದಿಯಲ್ಲಿ ಊಟ ಸಿಕ್ಕಿಕೊಂಡು ಪಾಚಿ ಕಟ್ಟುತ್ತದೆ. ಆ ಪಾಚಿ ಎರಡು ಮೂರು ದಿನದಲ್ಲೇ ಗಟ್ಟಿ ಕಿಟ್ಟವಾಗತೊಡಗುತ್ತದೆ. ವಾರಕ್ಕೊಮ್ಮೆ ಬ್ರಷ್ ಮಾಡಿದರೆ ಪ್ರಯೋಜನವಿಲ್ಲ ಎನ್ನುವುದು ಅದಕ್ಕೇ. ದಿನಾ ಉಜ್ಜಬೇಕು, ನಾಯಿಯ ಪೇಸ್ಟಿನಿಂದ. ನಮ್ಮ ಪೇಸ್ಟಿನ ಫ್ಲೋರೈಡನ್ನು ಅದು ಉಗುಳುವುದಿಲ್ಲ, ನುಂಗುತ್ತದೆ. ಕೆಲವು ಪೇಸ್ಟುಗಳಲ್ಲಿ ಸಿಹಿಗೆ ಹಾಕುವ ಝೈಲಿಟಾಲ್ ಅಂತೂ ಅದಕ್ಕೆ ನೇರ ವಿಷ.

ಮರಿಗೆ ಆರು ಏಳು ತಿಂಗಳಾದಾಗ ಬಾಯಿ ತೆರೆದು ನೋಡಿ. ಕೋರೆಹಲ್ಲು ಜೋಡಿಯಾಗಿ ನಿಂತಿದ್ದರೆ, ಅಂದರೆ ದಪ್ಪನೆಯ ಹೊಸ ಹಲ್ಲಿನ ಪಕ್ಕದಲ್ಲೇ ಸೂಜಿಯಂಥ ಹಾಲುಹಲ್ಲು ಬೀಳದೆ ಉಳಿದಿದ್ದರೆ, ಅದನ್ನು ಕೀಳಿಸಬೇಕು. ಸಂತಾನಹರಣ ಚಿಕಿತ್ಸೆಗೆ ಅರಿವಳಿಕೆ ಕೊಟ್ಟಾಗಲೇ ಇದನ್ನೂ ಮುಗಿಸಿಕೊಳ್ಳುವುದು ಜಾಣತನ. ಬಿಟ್ಟರೆ ಆ ಎರಡರ ನಡುವಿನಿಂದಲೇ ಒಸಡಿನ ರೋಗ ಶುರು. ಮೂರು ವರ್ಷಕ್ಕೆಲ್ಲ ಹೆಚ್ಚಿನ ಚಿಕ್ಕ ನಾಯಿಗಳಲ್ಲಿ ಅದರ ಗುರುತು ಕಾಣುತ್ತದೆ. ಬಾಯಿ ನಾರುತ್ತದೆ, ಒಂದೇ ಕಡೆಯಿಂದ ಅಗಿಯುತ್ತದೆ, ಗಟ್ಟಿ ತಿಂಡಿ ಬಾಯಿಂದ ಬೀಳುತ್ತದೆ. ಕಣ್ಣಿನ ಕೆಳಗೆ ಊದಿಕೊಂಡು ಕೀವು ಒಡೆದರೆ ಕಣ್ಣಿಗೆ ಡ್ರಾಪ್ಸ್ ಹಾಕುತ್ತಾ ಕೂರಬೇಡಿ. ಬಹಳ ಸಲ ಅದು ಮೇಲ್ದವಡೆಯ ದೊಡ್ಡ ಹಲ್ಲಿನ ಬೇರಿನ ಕೀವು. ಕೆಳದವಡೆಯ ಕಥೆ ಇನ್ನೂ ನಾಜೂಕು. ಅಲ್ಲಿ ಹಲ್ಲಿನ ಬೇರು ದವಡೆಯ ಅಂಚಿನವರೆಗೂ ಇಳಿದಿರುತ್ತದೆ. ರೋಗ ಮೂಳೆಯನ್ನು ತಿಂದ ಮೇಲೆ ಸಣ್ಣ ಪೆಟ್ಟಿಗೂ ದವಡೆ ಮುರಿಯುತ್ತದೆ. ಇದಕ್ಕೆ ಕಿಟ್ಟ ಕೆರೆದು ತೆಗೆಯುವ ಸ್ಕೇಲಿಂಗ್ ಮಾಡಿಸಬೇಕು, ಪೂರ್ತಿ ಅರಿವಳಿಕೆ ಕೊಟ್ಟೇ ಮಾಡಿಸಬೇಕು. ಅರಿವಳಿಕೆ ಇಲ್ಲದೆ ಹಲ್ಲು ಬಿಳಿ ಮಾಡಿಕೊಡುತ್ತೇವೆ ಎನ್ನುವವರು ಕಾಣುವ ಕಿಟ್ಟವನ್ನು ಕೆರೆಯುತ್ತಾರೆ, ಒಸಡಿನ ಕೆಳಗಿನದು ಹಾಗೇ ಉಳಿಯುತ್ತದೆ. ಆಸ್ಪತ್ರೆ ಆರಿಸುವಾಗ ಒಂದು ಪ್ರಶ್ನೆ ಕೇಳಿ: ಆಪರೇಷನ್ ಹೊತ್ತಿನಲ್ಲಿ ನಾಯಿಯ ಮೈ ಬೆಚ್ಚಗಿಡಲು ಏನು ವ್ಯವಸ್ಥೆ ಇದೆ? ಚಿಕ್ಕ ದೇಹ ಅರಿವಳಿಕೆಯಲ್ಲಿ ಬೇಗ ತಣ್ಣಗಾಗುತ್ತದೆ, ಎಚ್ಚರಾಗುವುದು ತಡವಾಗುತ್ತದೆ.

ಚಪ್ಪಟೆ ಮುಖದ ನಾಯಿಗಳು. 2003ರ ಸುಮಾರಿಗೆ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ಓಡುವ ಪಗ್ ಬಂದದ್ದು ನಿಮಗೆಲ್ಲ ನೆನಪಿದೆ. ಅಲ್ಲಿಂದ ಮುಂದೆ ಊರೂರಲ್ಲೂ ಪಗ್. ಹಿಂದೆ ಹಿಂದೆ ಓಡುವುದೇ ಈ ನಾಯಿಗೆ ಎಲ್ಲಕ್ಕಿಂತ ಕಷ್ಟದ ಕೆಲಸ ಅನ್ನುವುದು ಜಾಹೀರಾತಿನಲ್ಲಿ ಇರಲಿಲ್ಲ. ತಲೆಬುರುಡೆ ಮೊಟಕಾಯಿತು, ಒಳಗಿನ ಮಾಂಸ ಮೊಟಕಾಗಲಿಲ್ಲ. ಮೂಗಿನ ಹೊಳ್ಳೆ ಗೀರಿನಷ್ಟು ಕಿರಿದು, ಬಾಯಿಯ ಚಾವಣಿಯ ಹಿಂಭಾಗದ ಮೆದು ಅಂಗಳ ಉದ್ದವಾಗಿ ಉಸಿರಿನ ದಾರಿಗೆ ಅಡ್ಡ ಬಿದ್ದಿರುತ್ತದೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ತೇಕುವುದರಿಂದ. ತೇಕಲು ಗಾಳಿ ಸಲೀಸಾಗಿ ಓಡಾಡಬೇಕು. ಇಲ್ಲಿ ಗಾಳಿ ಎಳೆಯುವ ಶ್ರಮಕ್ಕೇ ಮೈ ಇನ್ನಷ್ಟು ಬಿಸಿಯಾಗುತ್ತದೆ, ಗಂಟಲು ಊದಿಕೊಂಡು ದಾರಿ ಇನ್ನಷ್ಟು ಕಿರಿದಾಗುತ್ತದೆ. ನಾಯಿಯ ಸಹಜ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್ ಚಿಲ್ಲರೆ. 41 ದಾಟಿದರೆ ಒಳಗಿನ ಅಂಗಗಳು ಕೆಡಲು ಶುರುವಾಗುತ್ತವೆ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನವೇ ಇದಕ್ಕೆ ಸಾಕು, ರಾಯಚೂರು, ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಏಸಿ ಇಲ್ಲದೆ ಪಗ್ ಸಾಕುವುದನ್ನು ನಾನು ಸರಿ ಎನ್ನಲಾರೆ. ಕರೆಂಟು ಹೋದಾಗ ಏನು ಮಾಡುತ್ತೀರಿ ಅನ್ನುವುದಕ್ಕೂ ಉತ್ತರ ಇಟ್ಟುಕೊಂಡಿರಬೇಕು.

ಶಾಖದ ಹೊಡೆತ ಬಿದ್ದಾಗ ಜನ ಮಾಡುವ ತಪ್ಪು ಎರಡು. ಒಂದು, ಒದ್ದೆ ಟವಲ್ ಹೊದಿಸಿ ಕಾರಿನಲ್ಲಿ ಹಾಕಿಕೊಂಡು ಹೊರಡುವುದು. ಟವಲ್ ಸ್ವಲ್ಪ ಹೊತ್ತಿಗೇ ಬಿಸಿಯಾಗಿ ಮೈಶಾಖವನ್ನು ಒಳಗೇ ಹಿಡಿದಿಡುತ್ತದೆ. ಇನ್ನೊಂದು, ತಣಿಸುವ ಮೊದಲೇ ಆಸ್ಪತ್ರೆಗೆ ಓಡುವುದು. ಮೊದಲು ನಲ್ಲಿ ನೀರನ್ನು ಹೊಟ್ಟೆ, ತೊಡೆ ಸಂದು, ಬೆನ್ನಿನ ಮೇಲೆ ಬಿಡದೆ ಸುರಿಯುತ್ತಾ ಫ್ಯಾನ್ ಗಾಳಿ ಬಿಡಿ. ಮೂಗಿಗೆ, ಬಾಯಿಗೆ ನೀರು ನುಗ್ಗದಂತೆ ತಲೆ ಎತ್ತಿ ಹಿಡಿದಿರಿ. ಆಮೇಲೆ ಹೊರಡಿ, ದಾರಿಯಲ್ಲಿ ಕಾರಿನ ಏಸಿ ಪೂರ್ತಿ ಇರಲಿ. ಎಚ್ಚರವಾಗಿರುವಾಗಲೂ ಗೊರಕೆ, ಆಟವಾಡಿದ ಕೂಡಲೇ ನೊರೆ ವಾಂತಿ, ತಲೆ ಎತ್ತರಕ್ಕಿಟ್ಟುಕೊಂಡೇ ಮಲಗುವುದು ಇವನ್ನು "ಪಗ್ ಅಂದ್ರೆ ಹಾಗೇ" ಎಂದು ಬಿಡಬೇಡಿ. ಹೊಳ್ಳೆ ಅಗಲಿಸುವ, ಅಂಗಳ ಮೊಟಕುಗೊಳಿಸುವ ಆಪರೇಷನ್ ಇದೆ, ಎಳೆಯ ವಯಸ್ಸಿನಲ್ಲಿ ಮಾಡಿಸಿದರೆ ಫಲ ಹೆಚ್ಚು. ಪಗ್, ಶಿಟ್ಜುಗಳ ಕಣ್ಣು ಆಳವಿಲ್ಲದ ಗೂಡಿನಲ್ಲಿ ಹೊರಚಾಚಿಕೊಂಡೇ ಇರುತ್ತದೆ. ಬೀದಿನಾಯಿ ಕುತ್ತಿಗೆ ಹಿಡಿದು ಅಲುಗಾಡಿಸಿದರೆ ಗುಡ್ಡೆ ಹೊರಗೇ ಬಂದುಬಿಡಬಹುದು. ಆಗ ಶುದ್ಧ ಸಲೈನಿನಲ್ಲಿ ನೆನೆಸಿದ ಬಟ್ಟೆಯನ್ನು ಮೇಲಿಟ್ಟು, ಒಳಗೆ ತಳ್ಳಲು ಹೋಗದೆ, ಆದಷ್ಟು ಬೇಗ ಆಸ್ಪತ್ರೆ ಮುಟ್ಟಿಸಬೇಕು.

ಕೂದಲಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. "ಶಿಟ್ಜು ಕೂದಲು ಉದುರಲ್ಲ" ಅನ್ನುವುದು ಹೆಚ್ಚುಕಡಿಮೆ ನಿಜ. ಉದುರದ ಕೂದಲು ಬೆಳೆಯುತ್ತಲೇ ಇರುತ್ತದೆ, ಬಾಚದಿದ್ದರೆ ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆ ಸಂದಿಯಲ್ಲಿ ಗಂಟು ಕಟ್ಟುತ್ತದೆ. ಗಂಟಿನ ಮೇಲೆ ಸ್ನಾನ ಮಾಡಿಸಿದರೆ ಅದು ಬಿಗಿಯುತ್ತದೆ, ಒಳಗೆ ಚರ್ಮ ಒದ್ದೆಯಾಗಿಯೇ ಉಳಿದು ಹುಣ್ಣಾಗುತ್ತದೆ. ಮೊದಲು ಬಾಚಬೇಕು, ಆಮೇಲೆ ಸ್ನಾನ, ಬುಡದವರೆಗೆ ಒಣಗಿಸಬೇಕು. ನಾಲ್ಕರಿಂದ ಆರು ವಾರಕ್ಕೊಮ್ಮೆ ಗ್ರೂಮಿಂಗ್. ಬೆಂಗಳೂರಿನಲ್ಲಿ ಒಂದು ಸಲಕ್ಕೆ ಸಾವಿರದಿಂದ ಎರಡು ಸಾವಿರ ರೂಪಾಯಿ ಅಂತ ಇಟ್ಟುಕೊಳ್ಳಿ. ಪೊಮೇರಿಯನ್‌ಗೆ ಸೆಕೆ ಅಂತ ಮಿಷನ್ ಹಾಕಿ ಬೋಳಿಸಬೇಡಿ, ಎರಡು ಪದರದ ಆ ಕೂದಲು ಕೆಲವು ನಾಯಿಗಳಲ್ಲಿ ಮತ್ತೆ ಸರಿಯಾಗಿ ಬರುವುದೇ ಇಲ್ಲ.

ಉದ್ದ ಕೂದಲು ರಕ್ತ ಹೀರುವ ಉಣ್ಣೆಹುಳಗಳಿಗೆ ಒಳ್ಳೆಯ ಅಡಗುತಾಣ. ನಮ್ಮ ರಾಜ್ಯದಲ್ಲಿ ಉಣ್ಣೆ ಜ್ವರ ವರ್ಷವಿಡೀ ಇರುತ್ತದೆ, ಉಣ್ಣೆ ಕಚ್ಚಿ ಹರಡುವ ಎರ್ಲಿಕಿಯಾ ಮತ್ತು ಬೆಬೀಸಿಯಾ ಸೋಂಕುಗಳು ಎರಡೂ. ನಾಲ್ಕು ಕೆ.ಜಿ. ನಾಯಿಯ ಮೈಯಲ್ಲಿರುವ ರಕ್ತ ಒಟ್ಟು 350 ಮಿಲಿಲೀಟರ್ ಆಸುಪಾಸು. ಕಾಯಿಲೆ ಆ ಚಿಕ್ಕ ದಾಸ್ತಾನಿಗೇ ಕೈ ಹಾಕುತ್ತದೆ. ಬೆರಳ ಸಂದಿ, ಕಿವಿಯ ಒಳಮಡಿಕೆ, ಬೆಲ್ಟಿನ ಕೆಳಗೆ ದಿನಾ ಬೆರಳಾಡಿಸಿ ನೋಡಿ. ಉಣ್ಣೆಗೆ ಕೊಡುವ ಅಗಿಯುವ ಮಾತ್ರೆ ತೂಕದ ಶ್ರೇಣಿಗೆ ತಕ್ಕಂತೆ ಬರುತ್ತದೆ. ದುಡ್ಡು ಉಳಿಸಲು ದೊಡ್ಡ ನಾಯಿಯ ಮಾತ್ರೆ ತಂದು ನಾಲ್ಕು ಚೂರು ಮಾಡಿ ಹಂಚಿಕೊಳ್ಳುವ ಅಭ್ಯಾಸ ಶುರುವಾಗಿದೆ. ಚೂರಿನಲ್ಲಿ ಎಷ್ಟು ಔಷಧ ಬಂತೆಂದು ಯಾರಿಗೂ ಗೊತ್ತಾಗುವುದಿಲ್ಲ. ಒಂದಕ್ಕೆ ಸಾಲದು, ಇನ್ನೊಂದಕ್ಕೆ ಹೆಚ್ಚು.

ಖರ್ಚಿನ ಮಾತು ಬಂತಲ್ಲ, ಅದನ್ನೂ ಮುಗಿಸೋಣ. ಗಾತ್ರದ ಜೊತೆ ಕಡಿಮೆಯಾಗುವುದು ಊಟ, ಉಣ್ಣೆ ಮಾತ್ರೆ, ಜಂತುಹುಳದ ಮಾತ್ರೆ. ಕನ್ಸಲ್ಟೇಷನ್, ಲಸಿಕೆ, ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ಇವು ನಾಯಿಯ ಗಾತ್ರ ನೋಡುವುದಿಲ್ಲ. ಗ್ರೂಮಿಂಗ್, ಹಲ್ಲು ಇವು ಚಿಕ್ಕ ನಾಯಿಗೇ ಹೆಚ್ಚು. ಜೊತೆಗೆ ಇವು ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತವೆ. ಕೊನೆಯ ಐದಾರು ವರ್ಷದಲ್ಲಿ ಹೃದಯದ ಕವಾಟ ಸೋರುವುದು ಚಿಕ್ಕ ತಳಿಗಳ ಮಾಮೂಲು ಕಾಯಿಲೆ. ಮಲಗಿ ನಿದ್ದೆ ಹತ್ತಿದಾಗ ಎದೆ ಒಂದು ನಿಮಿಷಕ್ಕೆ ಎಷ್ಟು ಸಲ ಏರುತ್ತದೆ ಎಣಿಸಿ. ಮೂವತ್ತಕ್ಕಿಂತ ಹೆಚ್ಚು ಅಂತ ದಿನವೂ ಬರುತ್ತಿದ್ದರೆ ತಡಮಾಡಬೇಡಿ. ಹೃದಯಕ್ಕೆ ಕೊಡುವ ಪಿಮೊಬೆಂಡಾನ್ ಮಾತ್ರೆ ಶುರುವಾದರೆ ದಿನಕ್ಕೆ ಎರಡು ಹೊತ್ತು, ಊಟಕ್ಕೆ ಒಂದು ಗಂಟೆ ಮೊದಲು, ಬದುಕಿರುವವರೆಗೆ. ಮದುವೆ ಮುಂಜಿ ಅಂತ ಎರಡು ದಿನ ಊರಿಗೆ ಹೋಗುವಾಗ ಆ ಮಾತ್ರೆ ಕೊಡುವವರನ್ನೂ ಹುಡುಕಬೇಕು.

ಬೊಗಳುವುದು, ಉಚ್ಚೆ ಹೊಯ್ಯುವುದು. ಫ್ಲ್ಯಾಟಿನವರಿಗೆ ಇವೇ ದೊಡ್ಡ ತಲೆನೋವು. ಚಿಕ್ಕ ನಾಯಿಯ ಮೂತ್ರಕೋಶ ಚಿಕ್ಕದು, ಎರಡು ತಿಂಗಳ ಮರಿಗೆ ಹಗಲು ಎರಡು ಗಂಟೆಗೊಮ್ಮೆ, ಜೊತೆಗೆ ನಿದ್ದೆಯಿಂದ ಎದ್ದಾಗ, ಉಂಡಾಗ, ಆಡಿದಾಗ. ದೊಡ್ಡದಾದ ಮೇಲೂ ದಿನಕ್ಕೆ ಐದಾರು ಸಲ. ಒಂಬತ್ತನೇ ಮಹಡಿಯಲ್ಲಿ ಲಿಫ್ಟಿಗೆ ಕಾಯುವಷ್ಟು ಹೊತ್ತು ಮರಿ ತಡೆಯುವುದಿಲ್ಲ. ಹಾಗಾಗಿ ಬಾಲ್ಕನಿಯಲ್ಲಿ ಪ್ಯಾಡ್ ಹಾಸುತ್ತೀರಿ. ಮೆತ್ತನೆಯ ಬಟ್ಟೆಯ ಮೇಲೆ ಹೊಯ್ಯಬಹುದು ಅಂತ ಅದು ಕಲಿಯುತ್ತದೆ, ಡೋರ್‌ಮ್ಯಾಟ್, ಕಾರ್ಪೆಟ್ ಎಲ್ಲವೂ ಅದಕ್ಕೆ ಪ್ಯಾಡೇ. ಪ್ಯಾಡ್ ಬದಲು ಹುಲ್ಲಿನ ಟ್ರೇ ಇಟ್ಟರೆ ಮುಂದೆ ಹೊರಗೆ ಕಲಿಸುವುದು ಸುಲಭ. ಒರೆಸುವಾಗ ಫಿನಾಯಿಲ್ ಹಾಕಬೇಡಿ. ವಾಸನೆ ನಮ್ಮ ಮೂಗಿಗೆ ಮುಚ್ಚುತ್ತದೆ, ನಾಯಿಯ ಮೂಗಿಗೆ ಮೂತ್ರದ ಗುರುತು ಹಾಗೇ ಇರುತ್ತದೆ. ಮೇಲಾಗಿ ಅದು ಪಾದ ನೆಕ್ಕಿ ಆ ರಾಸಾಯನಿಕವನ್ನೂ ಹೊಟ್ಟೆಗೆ ಸೇರಿಸುತ್ತದೆ. ಎನ್ಜೈಮ್ ಇರುವ ಕ್ಲೀನರ್ ಸಿಗುತ್ತದೆ, ಅದನ್ನು ಬಳಸಿ.

ಬೊಗಳುವುದಕ್ಕೆ ಅರ್ಧ ಕಾರಣ ನಾವೇ. ಮೂರು ಕೆ.ಜಿ. ನಾಯಿ ಗುರ್ ಅಂದರೆ ಮನೆಮಂದಿ ನಗುತ್ತಾರೆ. ಬೀದಿನಾಯಿ ಕಂಡರೆ ತಕ್ಷಣ ಎತ್ತಿಕೊಳ್ಳುತ್ತಾರೆ, ಬೆಲ್ಲು ಹೊಡೆದರೆ ಎತ್ತಿಕೊಂಡೇ ಬಾಗಿಲು ತೆಗೆಯುತ್ತಾರೆ. ಗುರ್ ಎನ್ನುವುದು ಬೇಡ ಅನ್ನುವ ಎಚ್ಚರಿಕೆ. ಅದನ್ನು ಯಾರೂ ಲೆಕ್ಕಕ್ಕೆ ಇಡದಿದ್ದರೆ ಮುಂದಿನದು ಕಚ್ಚುವುದು. ಚಿಕ್ಕ ಹಲ್ಲಿನ ಕಡಿತವೂ ಕಡಿತವೇ. ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರ ಹತ್ತಿರ ಹೋಗಲೇಬೇಕು. ಮರಿಗೆ ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗೆ ಲೋಕ ಪರಿಚಯವಾಗುವ ಕಾಲ. ಲಸಿಕೆಗಳು ಪೂರ್ತಿಯಾಗುವುದು ಹದಿನಾರು ವಾರದ ಹೊತ್ತಿಗೆ. ಎರಡೂ ಒಂದರ ಮೇಲೊಂದು ಬರುವುದರಿಂದ ಮರಿಯನ್ನು ನೆಲಕ್ಕೆ ಬಿಡದೆ, ಚೀಲದಲ್ಲಿಟ್ಟುಕೊಂಡು ಮಾರ್ಕೆಟ್ಟು, ಆಟೋ ಸದ್ದು, ಹೆಲ್ಮೆಟ್ ಹಾಕಿದವರು, ಶಾಲೆ ಬಿಡುವ ಹೊತ್ತು ಎಲ್ಲ ತೋರಿಸಿ. ಈ ಕೆಲಸ ತಪ್ಪಿದ ನಾಯಿ ಹದಿನೈದು ವರ್ಷ ಲಿಫ್ಟಿನ ಸದ್ದಿಗೆಲ್ಲ ಬೊಗಳುತ್ತದೆ.

ಮುಂದಿನ ಸಾಲಿನಲ್ಲಿ ಒಬ್ಬರು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ನಾಯಿ ಸಾಕಬೇಡಿ ಅಂತ ನಿಯಮ ಮಾಡಬಹುದೇ ಎಂದು ಕೇಳಿದ್ದೀರಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಬಹುಮತದ ಠರಾವು ಮಾಡಿಯೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ. ನಿಯಮ ನಿಮ್ಮ ಪರವಾಗಿದೆ, ಸರಿ. ಆದರೆ ನೀವು ಆಫೀಸಿಗೆ ಹೋದ ಮೇಲೆ ಎಂಟು ಗಂಟೆ ಅಳುವ ನಾಯಿಯ ಪಕ್ಕದ ಮನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿರುವವರೂ ಇರುತ್ತಾರಲ್ಲ. ಮಡಿಲ ಸಂಗಕ್ಕೆಂದೇ ಬೆಳೆಸಿದ ತಳಿಗಳು ಇವು, ಒಂಟಿತನ ಇವಕ್ಕೆ ಆಗಿಬರುವುದಿಲ್ಲ. ದಿನಾ ನಾಲ್ಕು ಗಂಟೆಗಿಂತ ಹೆಚ್ಚು ಮನೆ ಖಾಲಿ ಇರುತ್ತದೆ ಅಂದರೆ ಈ ಜಾತಿಯ ನಾಯಿ ನಿಮಗಲ್ಲ. ಬಾಡಿಗೆ ಮನೆಯಾದರೆ ಕರಾರು ಪತ್ರ ಓದಿ, ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ.

ಇಷ್ಟೆಲ್ಲ ಕೇಳಿದ ಮೇಲೂ ತರುವುದೇ ಎಂದಾದರೆ, ಎಲ್ಲಿಂದ ತರುತ್ತೀರಿ ಅನ್ನುವುದರಲ್ಲಿ ಅರ್ಧ ಭವಿಷ್ಯ ಇದೆ. 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಹಾಕಿಸಿ ಮಾರುವ ಬ್ರೀಡರ್ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಮಾರುಕಟ್ಟೆಯಲ್ಲಿ ನಡೆಯುವುದೇ ಬೇರೆ. ಮೂವತ್ತೈದು ನಲವತ್ತು ದಿನದ ಮರಿ ಕೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಮುದ್ದು, ಬೇಗ ಮಾರಾಟವಾಗುತ್ತದೆ. "ಟೀಕಪ್" ಅನ್ನುವ ತಳಿ ಯಾವ ಕೆನಲ್ ಕ್ಲಬ್ಬಿನ ಪಟ್ಟಿಯಲ್ಲೂ ಇಲ್ಲ. ಹಾಗೆಂದು ಮಾರುವುದು ಒಂದೋ ವಯಸ್ಸು ಸುಳ್ಳು ಹೇಳಿದ ಮರಿ, ಇಲ್ಲವೇ ಬೆಳವಣಿಗೆ ಕುಂಠಿತವಾದ ಮರಿ. ಬಾಯಿ ತೆರೆಸಿ ನೋಡಿ. ಎಂಟು ವಾರಕ್ಕೆ ಹಾಲುಹಲ್ಲು ಬಹುಪಾಲು ಬಂದಿರಬೇಕು, ಮುಂದಿನ ಪುಟ್ಟ ಹಲ್ಲುಗಳೇ ಇಲ್ಲದಿದ್ದರೆ ವಾಪಸ್ ಬನ್ನಿ. ತಾಯಿಯನ್ನು ತೋರಿಸಿ ಅನ್ನಿ. ತಾಯಿ ಪಗ್ ನಿಂತಲ್ಲೇ ಕೊರ್ ಕೊರ್ ಎನ್ನುತ್ತಿದ್ದರೆ ಮರಿಯೂ ಮುಂದೆ ಹಾಗೇ ಉಸಿರಾಡುವ ಸಂಭವ ಹೆಚ್ಚು. ಲಸಿಕೆ ಕಾರ್ಡಿನಲ್ಲಿ ಬ್ಯಾಚ್ ನಂಬರಿರುವ ಸ್ಟಿಕರ್, ಡಾಕ್ಟರ ಸಹಿ ಮತ್ತು ನೋಂದಣಿ ಸಂಖ್ಯೆ ಇರಬೇಕು. ಬರಿಯ ಪೆನ್ನಿನಲ್ಲಿ ಬರೆದ ದಿನಾಂಕಕ್ಕೆ ಬೆಲೆ ಇಲ್ಲ. ಹಣ ಕೊಟ್ಟು ಮೂರನೇ ದಿನಕ್ಕೆ ಪಾರ್ವೊ ವೈರಸ್ಸಿನ ಭೇದಿ ಶುರುವಾದ ಮೇಲೆ ಮಾರಿದವರ ಫೋನು ಸ್ವಿಚ್ ಆಫ್ ಆಗಿರುತ್ತದೆ.

ಹೆಣ್ಣುಮರಿ ತಂದರೆ ಆರರಿಂದ ಹತ್ತು ತಿಂಗಳ ನಡುವೆ ಮೊದಲ ಬೆದೆ ಬರುತ್ತದೆ. ಸಂತಾನಹರಣ ಮಾಡಿಸದೆ ಬಿಟ್ಟರೆ ನಡುವಯಸ್ಸು ದಾಟಿದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಪಯೊಮೆಟ್ರಾ ಬರಬಹುದು. ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ನಾಯಿ ವಿಪರೀತ ನೀರು ಕುಡಿಯಲು ಶುರುಮಾಡಿ, ಊಟ ಬಿಟ್ಟರೆ ಅದೇ ದಿನ ತೋರಿಸಿ. "ಒಂದು ಸಲ ಮರಿ ಹಾಕಿಸೋಣ" ಅನ್ನುವ ಆಸೆ ಪಗ್, ಚಿಹುವಾವಾಗಳ ವಿಷಯದಲ್ಲಂತೂ ಬೇಡ. ಮರಿಯ ತಲೆ ದೊಡ್ಡದು, ತಾಯಿಯ ಸೊಂಟ ಕಿರಿದು, ಸಿಸೇರಿಯನ್ ಆಗುವ ಸಂಭವ ಹೆಚ್ಚು.

ಕೊನೆಯದಾಗಿ, ಇಲ್ಲಿ ಐಟಿಯವರು ಬಹಳ ಜನ ಇದ್ದೀರಿ, ಪ್ರಯಾಣದ, ಹೊರದೇಶದ ಮಾತೂ ಆಗಿಬಿಡಲಿ. ರೈಲಿನಲ್ಲೇ ನಾಯಿ ಜೊತೆಗಿರಬೇಕೆಂದರೆ ಎಸಿ ಫಸ್ಟ್ ಕ್ಲಾಸಿನ ಇಡೀ ಕೋಣೆ (ಕೂಪೆ ಅಥವಾ ಕ್ಯಾಬಿನ್) ನಿಮ್ಮದಾಗಿರಬೇಕು, ಇಲ್ಲದಿದ್ದರೆ ಗಾರ್ಡ್ ವ್ಯಾನಿನ ನಾಯಿಪೆಟ್ಟಿಗೆ. ವಿಮಾನದ ಕಾರ್ಗೋದಲ್ಲಿ ಚಪ್ಪಟೆ ಮೂತಿಯ ತಳಿಗಳನ್ನು ಹಲವು ಕಂಪನಿಗಳು ಒಯ್ಯುವುದೇ ಇಲ್ಲ. ಅಮೆರಿಕ ಭಾರತವನ್ನು ರೇಬಿಸ್ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿಟ್ಟಿದೆ. 2024ರ ಆಗಸ್ಟ್ 1ರಿಂದ ಅಲ್ಲಿಗೆ ಹೋಗುವ ನಾಯಿಗೆ ಆರು ತಿಂಗಳು ತುಂಬಿರಬೇಕು, ಮೈಕ್ರೋಚಿಪ್ ಇರಬೇಕು. ಇಲ್ಲಿ ಲಸಿಕೆ ಹಾಕಿಸಿದ ನಾಯಿಯಾದರೆ ಮಾನ್ಯತೆ ಪಡೆದ ಪ್ರಾಣಿ ಕೇಂದ್ರವಿರುವ ವಿಮಾನ ನಿಲ್ದಾಣದಲ್ಲೇ ಇಳಿಯಬೇಕು. ಒಪ್ಪಿತ ಪ್ರಯೋಗಾಲಯದ ರಕ್ತಪರೀಕ್ಷೆ ಇಲ್ಲದಿದ್ದರೆ ಅಲ್ಲಿ 28 ದಿನ ಕ್ವಾರಂಟೈನ್. ಯುರೋಪಿಗೆ ರೇಬಿಸ್ ಲಸಿಕೆಯಾಗಿ ಕನಿಷ್ಠ 30 ದಿನದ ಮೇಲೆ ರಕ್ತ ಕೊಟ್ಟು, ರೇಬಿಸ್ ತಡೆಯುವ ಪ್ರತಿಕಾಯ ಮಿಲಿಲೀಟರಿಗೆ ಕನಿಷ್ಠ 0.5 ಐಯು (ಅಳತೆಯ ಏಕಮಾನ) ಇದೆಯೆಂದು ಬರಬೇಕು, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಕಂಪನಿಯಿಂದ ಆನ್‌ಸೈಟ್ ಆದೇಶ, ಅಂದರೆ ಹೊರದೇಶಕ್ಕೆ ಹೋಗಿ ಕೆಲಸ ಮಾಡಿ ಎಂಬ ಆದೇಶ, ಬರುವುದು ಸಾಮಾನ್ಯವಾಗಿ ಅದಕ್ಕಿಂತ ಬೇಗ. ಆಗ ನಾಯಿ ಊರಿನ ಅಪ್ಪ ಅಮ್ಮನ ಪಾಲಿಗೆ ಬರುತ್ತದೆ, ಮಂಡಿನೋವಿನ ಅವರಿಗೆ ದಿನಕ್ಕೆ ಐದು ಸಲ ಕೆಳಗಿಳಿಯುವ ಕೆಲಸ. ಹೋಗುವ ಸಾಧ್ಯತೆ ಸ್ವಲ್ಪವಾದರೂ ಇದ್ದರೆ ಮರಿ ತಂದ ತಿಂಗಳೇ ಹದಿನೈದು ಅಂಕಿಯ ಚಿಪ್ ಹಾಕಿಸಿ, ಅದಾದ ಮೇಲೆ ರೇಬಿಸ್ ಲಸಿಕೆ ಕೊಡಿಸಿ. ಲಸಿಕೆ ಮೊದಲಾಗಿ ಚಿಪ್ ಆಮೇಲೆ ಬಂದರೆ ಆ ಲಸಿಕೆ ಲೆಕ್ಕಕ್ಕಿಲ್ಲ, ಹೊಸದಾಗಿ ಹಾಕಿಸಿ ಮತ್ತೆ ಮೊದಲಿನಿಂದ ದಿನ ಎಣಿಸಬೇಕು.